ಪಿಎಂಕೆ, ಪೈರೋಕ್ಯಾಟ್, 510: ನಿಮ್ಮ ಕಪ್ಪು-ಬಿಳುಪು ಫಿಲಂಗೆ ಯಾವ ಪೈರೋ?

ಒಂದೇ ರೋಲ್‌ನಿಂದ ಕತ್ತರಿಸಿದ ನಾಲ್ಕು ತುಂಡು ಫಿಲಂ ನಮ್ಮ ಬಚ್ಚಲುಮನೆಯ ತಂತಿಗೆ ನೇತು ಹಾಕಿದ್ದೇನೆ. ಮೊದಲನೆಯದು ಡಿ-76 ಎಂಬ ಸಾಮಾನ್ಯ ಡೆವಲಪರ್‌ನಲ್ಲಿ, ಅಂದರೆ ಫಿಲಂ ಮೇಲೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ತೊಳೆದದ್ದು, ಬರೀ ಬೂದು. ಉಳಿದ ಮೂರಕ್ಕೆ ಹಾಕಿದ್ದು ಪೈರೋ, ಅಂದರೆ ಫಿಲಂಗೆ ಬಣ್ಣದ ಕಲೆಯನ್ನೂ ಹಿಡಿಸುವ ಡೆವಲಪರ್‌ಗಳು. ಎರಡನೆಯದು ಪಿಎಂಕೆ, ಹಸಿರು ಬೆರೆತ ಹಳದಿ. ಮೂರನೆಯದು ಪೈರೋಕ್ಯಾಟ್ ಎಚ್‌ಡಿ, ತೆಳು ಕಾಫಿ ಬಣ್ಣ. ನಾಲ್ಕನೆಯದು 510 ಪೈರೋ, ಅದೂ ಹಳದಿ ಕಡೆಗೇ, ಆದರೆ ಪಿಎಂಕೆಯಷ್ಟು ಹಸಿರಿಲ್ಲ. ನಾಲ್ಕರಲ್ಲೂ ಇರುವುದು ಒಂದೇ ದೃಶ್ಯ: ಬಿಸಿಲಲ್ಲಿ ಒಣಗುತ್ತಿರುವ ಬಿಳಿ ಪಂಚೆ, ಅದರ ಹಿಂದೆ ಬಾವಿಕಟ್ಟೆಯ ಕಪ್ಪು ನೆರಳು.

ಬೆಳಕಿಗೆ ಹಿಡಿದು ನೋಡಿದರೆ ಡಿ-76ರ ನೆಗೆಟಿವ್ ಗಟ್ಟಿಯಾಗಿ, ಚೆನ್ನಾಗಿ ಕಾಣುತ್ತದೆ. ಉಳಿದ ಮೂರೂ ತೆಳುವಾಗಿ, ಇನ್ನೂ ಸ್ವಲ್ಪ ತೊಳೆಯಬೇಕಿತ್ತೇನೋ ಅನ್ನುವ ಹಾಗಿವೆ. ಈ ನೋಟವನ್ನು ನಂಬಬೇಡಿ. ಪೈರೋ ನೆಗೆಟಿವ್‌ನ ಕಸುವು ಎಷ್ಟು ಅಂತ ಗೊತ್ತಾಗೋದು ಅದರ ಕೆಳಗೆ ಪೇಪರ್ ಇಟ್ಟಾಗ. ಮೂರರಲ್ಲಿ ಒಂದನ್ನು ಆರಿಸಬೇಕಾದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನೀವು ಪ್ರಿಂಟ್ ಹಾಕೋದು ಯಾವುದರ ಮೇಲೆ?

ಕಲೆ ಅಂದರೆ ಏನು?

ಅಡಿಕೆ ಸುಲಿದವರ ಕೈ ನೋಡಿದ್ದೀರಲ್ವಾ? ಎಷ್ಟು ಸೋಪು ಹಚ್ಚಿದರೂ ಕಂದು ಬಣ್ಣ ಹೋಗುವುದಿಲ್ಲ. ಹಸಿ ಬಾಳೆಕಾಯಿ ಹೆಚ್ಚಿದರೂ ಹಾಗೇ. ಚೊಗರಿನಲ್ಲಿರುವ ಫೀನಾಲ್ ಜಾತಿಯ ವಸ್ತುಗಳಿಗೆ ಗಾಳಿ ತಗುಲಿದ ಕೂಡಲೇ ಬಣ್ಣ ತಿರುಗುತ್ತದೆ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಪೈರೋದಂಥ ಸ್ಟೇನಿಂಗ್ (ಕಲೆ ಹಿಡಿಸುವ) ಡೆವಲಪರ್ ಮಾಡುವುದೂ ಇದನ್ನೇ, ಆದರೆ ಲೆಕ್ಕ ಇಟ್ಟು ಮಾಡುತ್ತದೆ. ಬೆಳಕು ಬಿದ್ದ ಬೆಳ್ಳಿ ಲವಣವನ್ನು ಬೆಳ್ಳಿಯಾಗಿ ಮಾಡುವಾಗ ಡೆವಲಪರ್ ಅಲ್ಲೇ ಆಕ್ಸಿಡೈಸ್ ಆಗುತ್ತದೆ. ಹಾಗೆ ಆದದ್ದು ಅಕ್ಕಪಕ್ಕದ ಜೆಲಟಿನ್‌ಗೆ ಬಣ್ಣ ಹಿಡಿಸುತ್ತದೆ, ಅದನ್ನು ಚರ್ಮ ಹದ ಮಾಡಿದ ಹಾಗೆ ಗಟ್ಟಿಯೂ ಮಾಡುತ್ತದೆ. ಬೆಳ್ಳಿ ಜಾಸ್ತಿ ಇದ್ದ ಕಡೆ ಕಲೆ ಜಾಸ್ತಿ, ಕಡಿಮೆ ಇದ್ದ ಕಡೆ ಕಡಿಮೆ. ಹೀಗೆ ಫಿಲಂ ಮೇಲೆ ಎರಡು ಚಿತ್ರ ಒಂದರ ಮೇಲೊಂದು ಕೂರುತ್ತವೆ, ಒಂದು ಬೆಳ್ಳಿಯದು, ಇನ್ನೊಂದು ಬಣ್ಣದ್ದು.

ಸಾಮಾನ್ಯ ಡೆವಲಪರ್‌ನಲ್ಲಿ ಹೀಗಾಗದಿರಲು ಕಾರಣ ಸೋಡಿಯಂ ಸಲ್ಫೈಟ್. ಒಂದು ಲೀಟರ್ ಡಿ-76ರಲ್ಲಿ 100 ಗ್ರಾಂ ಸಲ್ಫೈಟ್ ಇರುತ್ತದೆ. ಅದು ಆಕ್ಸಿಡೈಸ್ ಆದ ಡೆವಲಪರನ್ನು ಅಲ್ಲಲ್ಲೇ ಹಿಡಿದು ಬಣ್ಣ ಇಲ್ಲದ ಹಾಗೆ ಮಾಡಿಬಿಡುತ್ತದೆ. ಬೆರೆಸಿ ಸಿದ್ಧ ಮಾಡಿದ ಒಂದು ಲೀಟರ್ ಪಿಎಂಕೆಯಲ್ಲಿ ಇರುವುದು ಸುಮಾರು 0.2 ಗ್ರಾಂ ಬೈಸಲ್ಫೈಟ್, ಅಷ್ಟೇ. ಪೈರೋ ಹಾಕಿದ ಟ್ಯಾಂಕ್ ಬೇಗ ಕಂದಾಗುವುದು, ಬೆರೆಸಿದ ದ್ರಾವಣ ಸ್ವಲ್ಪ ಹೊತ್ತಿನಲ್ಲೇ ಸತ್ತುಹೋಗುವುದು ಇದರಿಂದಲೇ.

ಪಿಎಂಕೆ ಮತ್ತು 510ರಲ್ಲಿ ಮುಖ್ಯ ಕೆಲಸ ಪೈರೋಗ್ಯಾಲಾಲ್‌ನದು. ಗ್ಯಾಲಿಕ್ ಆಮ್ಲವನ್ನು ಕಾಯಿಸಿ ಇದನ್ನು 1786ರಲ್ಲೇ ತೆಗೆದಿದ್ದರು. ಆ ಆಮ್ಲ ಸಿಗುತ್ತಿದ್ದುದು ಓಕ್ ಮರದ ಗಂಟಿನಿಂದ, ನಮ್ಮ ಗ್ರಂಥಿಗೆ ಅಂಗಡಿಯ ಮಾಚಿಕಾಯಿಯಿಂದ. ಪೈರೋಕ್ಯಾಟ್‌ನಲ್ಲಿರುವುದು ಪೈರೋಕ್ಯಾಟೆಚಿನ್, ಅಂದರೆ ಕ್ಯಾಟೆಚಾಲ್. ಈ ಹೆಸರು ಬಂದದ್ದು ಕಾಚಿನಿಂದ. ಎಲೆಅಡಿಕೆಗೆ ಹಾಕೋ ಅದೇ ಕಾಚು! ಕಾಚಿನಿಂದ ತೆಗೆದ ಕ್ಯಾಟೆಚಿನ್ ಎಂಬ ವಸ್ತುವನ್ನು 1839ರಲ್ಲಿ ಬಟ್ಟಿ ಇಳಿಸಿದಾಗ ಅದು ಮೊದಲ ಸಲ ಕೈಗೆ ಬಂತು. ಬಾಯಿ ಕೆಂಪಾಗಿಸುವ ವಂಶದ ಕೂಸೇ ನೆಗೆಟಿವ್‌ಗೂ ಬಣ್ಣ ಹಿಡಿಸುತ್ತಿದೆ ಅಂತ ತಿಳಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಮೂರರ ಪರಿಚಯ

ಪಿಎಂಕೆ ಅಂದರೆ ಪೈರೋ, ಮೆಟಾಲ್ (ಇನ್ನೊಂದು ಡೆವಲಪರ್ ವಸ್ತು), ಕೊಡಾಲ್ಕ್ (ಸೋಡಿಯಂ ಮೆಟಾಬೋರೇಟ್‌ಗೆ ಕೊಡಾಕ್ ಇಟ್ಟ ಹೆಸರು). ಇದನ್ನು ಹದಕ್ಕೆ ತಂದವರು ಅಮೆರಿಕದ ಗಾರ್ಡನ್ ಹಚಿಂಗ್ಸ್. ಹಳೆಯ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ ಕಾಲದ ಎಬಿಸಿ ಪೈರೋ ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಕಾಳು) ಜಾಸ್ತಿ ಕೊಡುತ್ತಿತ್ತು, ಒಂದು ದಿನ ಬಂದ ಹಾಗೆ ಇನ್ನೊಂದು ದಿನ ಬರುತ್ತಿರಲಿಲ್ಲ. ಅದನ್ನು ನೆಚ್ಚಿಕೊಳ್ಳಬಹುದಾದ ಡೆವಲಪರ್ ಮಾಡಿದ್ದು ಪಿಎಂಕೆಯ ಹೆಚ್ಚುಗಾರಿಕೆ. ಎ ಬಾಟಲಿಯ ಒಂದು ಲೀಟರ್‌ನಲ್ಲಿ ಮೆಟಾಲ್ 10 ಗ್ರಾಂ, ಸೋಡಿಯಂ ಬೈಸಲ್ಫೈಟ್ 20 ಗ್ರಾಂ, ಪೈರೋಗ್ಯಾಲಾಲ್ 100 ಗ್ರಾಂ. ಬಿ ಬಾಟಲಿಯಲ್ಲಿ ಲೀಟರ್‌ಗೆ 300 ಗ್ರಾಂ ಸೋಡಿಯಂ ಮೆಟಾಬೋರೇಟ್. ಬಳಸುವಾಗ ಎ 1 ಪಾಲು, ಬಿ 2 ಪಾಲು, ನೀರು 100 ಪಾಲು. ಅರ್ಧ ಲೀಟರ್ ಟ್ಯಾಂಕ್‌ಗೆ 5 ಮಿಲಿ ಮತ್ತು 10 ಮಿಲಿ ಸಾಕು.

ಪೈರೋಕ್ಯಾಟ್ ಎಚ್‌ಡಿ ಸ್ಯಾಂಡಿ ಕಿಂಗ್ ಅವರ ಸೂತ್ರ. ಅವರು ಕಾರ್ಬನ್ ಪ್ರಿಂಟ್ ಮಾಡುವವರು, ಹಾಗಾಗಿ ಅತಿನೇರಳೆ ಬೆಳಕಿನಲ್ಲಿ ಪ್ರಿಂಟ್ ಹಾಕುವವರ ಅನುಕೂಲ ಇದರಲ್ಲಿ ಮೊದಲಿಂದಲೇ ಇದೆ. ಎ ಬಾಟಲಿಯ ಒಂದು ಲೀಟರ್‌ಗೆ ಪೈರೋಕ್ಯಾಟೆಚಿನ್ 50 ಗ್ರಾಂ, ಸೋಡಿಯಂ ಮೆಟಾಬೈಸಲ್ಫೈಟ್ 10 ಗ್ರಾಂ, ಫೆನಿಡೋನ್ (ಮೆಟಾಲ್‌ನ ಹಾಗೆ ಇದೂ ಡೆವಲಪರ್ ವಸ್ತು) 2 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 1 ಗ್ರಾಂ. ಬಿ ಬಾಟಲಿಗೆ ಪೊಟ್ಯಾಸಿಯಂ ಕಾರ್ಬೋನೇಟ್ 750 ಗ್ರಾಂ. ಇದನ್ನು ಕರಗಿಸುವಾಗ ನೀರು ಚೆನ್ನಾಗಿ ಬಿಸಿಯಾಗುತ್ತದೆ, ಒಂದೇ ಸಲ ಸುರಿಯಬೇಡಿ. ಬಳಕೆಗೆ 1+1+100. ನೀರಿನಲ್ಲಿ ಮಾಡಿದ ಎ ದ್ರಾವಣ ಕೆಲವು ತಿಂಗಳು ಬಾಳುತ್ತದೆ. ನೀರಿನ ಬದಲು ಗ್ಲೈಕಾಲ್‌ನಲ್ಲಿ ಮಾಡಿದರೆ ವರ್ಷಗಟ್ಟಲೆ ಇರುತ್ತದೆ. ತಿಂಗಳಿಗೆ ಒಂದೆರಡು ರೋಲ್ ತೊಳೆಯುವವರು ಗ್ಲೈಕಾಲ್‌ನದನ್ನೇ ಮಾಡಿಕೊಳ್ಳಿ.

510 ಪೈರೋ ಜೇ ಡಿಫೆರ್ ಅವರದು. 100 ಮಿಲಿ ಟ್ರೈಎಥನಾಲಮೈನ್‌ನಲ್ಲಿ 5 ಗ್ರಾಂ ಆಸ್ಕಾರ್ಬಿಕ್ ಆಮ್ಲ, 10 ಗ್ರಾಂ ಪೈರೋಗ್ಯಾಲಾಲ್, 0.25 ಗ್ರಾಂ ಫೆನಿಡೋನ್. ಕ್ಷಾರದ ಕೆಲಸವನ್ನು ಟ್ರೈಎಥನಾಲಮೈನೇ ಮಾಡುತ್ತದೆ, ಹಾಗಾಗಿ ಎರಡನೇ ಬಾಟಲಿ ಬೇಕಿಲ್ಲ. 1+100ರಲ್ಲಿ ಬೆರೆಸಿದರೆ ಆಯಿತು. ಬಾಟಲಿಯಲ್ಲಿ ನೀರೇ ಇಲ್ಲದ್ದರಿಂದ ವರ್ಷಗಟ್ಟಲೆ ಕೆಡುವುದಿಲ್ಲ. ತೊಂದರೆ ಒಂದೇ: ಜೇನುತುಪ್ಪದ ಹಾಗೆ ಮಂದ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಎಳೆದು, ಉಗುರುಬೆಚ್ಚಗಿನ ಸ್ವಲ್ಪ ನೀರಿಗೆ ಬಿಟ್ಟು, ಪೂರ್ತಿ ಕರಗುವ ತನಕ ಕದಡಿ. ಆಮೇಲೆ ಉಳಿದ ನೀರು ಸೇರಿಸಿ. ತಳದಲ್ಲಿ ಸಣ್ಣ ಉಂಡೆ ಉಳಿದರೂ ಫಿಲಂ ಮೇಲೆ ಪಟ್ಟೆ ಬೀಳುತ್ತದೆ.

ಪೇಪರ್ ಏನು ಹೇಳುತ್ತದೆ?

ಮಲ್ಟಿಗ್ರೇಡ್ ಪೇಪರ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಿಸುವ ಪ್ರಿಂಟ್ ಪೇಪರ್, ನೀಲಿ ಬೆಳಕಿಗೆ ಹೆಚ್ಚು ಕಾಂಟ್ರಾಸ್ಟ್ ಕೊಡುತ್ತದೆ, ಹಸಿರು ಬೆಳಕಿಗೆ ಕಡಿಮೆ. ಎನ್‌ಲಾರ್ಜರ್‌ಗೆ (ನೆಗೆಟಿವ್ ದೊಡ್ಡದು ಮಾಡಿ ಪ್ರಿಂಟ್ ಹಾಕುವ ಯಂತ್ರ) ಹಳದಿ ಫಿಲ್ಟರ್ ಹಾಕಿದರೆ ಪ್ರಿಂಟ್ ಮೆತ್ತಗಾಗುವುದು ಇದರಿಂದ. ಈಗ ಪಿಎಂಕೆ ನೆಗೆಟಿವ್ ನೋಡಿ. ಪಂಚೆ ಇರುವ ಜಾಗ ನೆಗೆಟಿವ್‌ನಲ್ಲಿ ಅತಿ ದಟ್ಟ, ಅಲ್ಲೇ ಹಳದಿ-ಹಸಿರು ಕಲೆಯೂ ಅತಿ ಜಾಸ್ತಿ. ಅಂದರೆ ಪಂಚೆಯ ಮೇಲೆ ಮಾತ್ರ ಒಂದು ಹಳದಿ ಫಿಲ್ಟರ್ ಕೂತಂತಾಯಿತು. ಬಾವಿಕಟ್ಟೆಯ ನೆರಳಿನ ಮೇಲೆ ಆ ಫಿಲ್ಟರ್ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಹಾಗಾಗಿ ನೆರಳಿನಲ್ಲಿ ಕಾಂಟ್ರಾಸ್ಟ್ ಉಳಿಯುತ್ತದೆ, ಬಿಳುಪಿನಲ್ಲಿ ಮೆತ್ತಗಾಗುತ್ತದೆ. ಡಿ-76ರ ಪ್ರಿಂಟ್‌ನಲ್ಲಿ ಬರೀ ಬಿಳಿ ಕಾಗದವಾಗಿದ್ದ ಪಂಚೆಯಲ್ಲಿ ಪಿಎಂಕೆ ನೆಗೆಟಿವ್‌ನಿಂದ ಅಂಚಿನ ಗೆರೆಯೂ ಮಡಿಕೆಯೂ ಬಂದವು. ಕೈಯಡ್ಡ ಹಿಡಿದು ಬರ್ನ್ ಮಾಡುವ, ಅಂದರೆ ಆ ಜಾಗಕ್ಕೆ ಮಾತ್ರ ಹೆಚ್ಚು ಬೆಳಕು ಕೊಡುವ, ಕೆಲಸವೇ ಬೀಳಲಿಲ್ಲ.

ಇದೇ ಗುಣ ಮೋಡದ ದಿನ ತೊಂದರೆ ಕೊಡುತ್ತದೆ. ಮಳೆಗಾಲದ ಚಪ್ಪಟೆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಹಿಡಿದಿಡಬೇಕಾದ ಉರಿಬಿಳುಪೇ ಇರುವುದಿಲ್ಲ. ಅಲ್ಲಿ ಪಿಎಂಕೆ ಬಿಳುಪನ್ನು ಇನ್ನಷ್ಟು ಮೆತ್ತಗೆ ಮಾಡಿ ಆಕಾಶವನ್ನು ಮಂಕಾಗಿಸುತ್ತದೆ. ಆಗುಂಬೆಯ ಜುಲೈಗೆ ನಾನು ಪಿಎಂಕೆ ಹಾಕುವುದಿಲ್ಲ.

ಒಂದೇ ಗ್ರೇಡ್‌ನ ಹಳೆಯ ಮಾದರಿಯ ಪೇಪರ್‌ನಲ್ಲಿ ಕತೆ ಬೇರೆ. ಅದು ನೋಡುವುದು ಹೆಚ್ಚಾಗಿ ನೀಲಿಯನ್ನು ಮಾತ್ರ, ಹಳದಿ ಕಲೆ ನೀಲಿಯನ್ನು ತಡೆಯುತ್ತದೆ. ಅಲ್ಲಿ ಕಲೆ ಕಾಂಟ್ರಾಸ್ಟನ್ನು ಕಮ್ಮಿ ಮಾಡುವುದಿಲ್ಲ, ಏರಿಸುತ್ತದೆ. ಸೈಯನೋಟೈಪ್, ವ್ಯಾನ್‌ಡೈಕ್, ಪ್ಲಾಟಿನಂನಂಥ, ಅತಿನೇರಳೆ ಬೆಳಕಿನಲ್ಲಿ ಹಾಕುವ ಹಳೆಯ ರೀತಿಯ ಪ್ರಿಂಟ್ ಮಾಡುವವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಕಲೆ ಅತಿನೇರಳೆಯನ್ನು ಚೆನ್ನಾಗಿ ತಡೆಯುತ್ತದೆ. ಕಣ್ಣಿಗೆ ತೆಳುವಾಗಿ ಕಂಡ ನೆಗೆಟಿವ್ ಬಿಸಿಲಲ್ಲಿಟ್ಟ ಸೈಯನೋಟೈಪ್‌ಗೆ ಭರ್ತಿ ಕಾಂಟ್ರಾಸ್ಟ್ ಕೊಡುತ್ತದೆ. ಪೈರೋಕ್ಯಾಟ್ ಗೆಲ್ಲುವುದು ಇಲ್ಲಿ. ಅದರ ಕಂದು ಕಲೆ ಮಲ್ಟಿಗ್ರೇಡ್ ಪೇಪರ್‌ನ ಬಿಳುಪನ್ನು ಪಿಎಂಕೆಯಷ್ಟು ಮೆತ್ತಗೆ ಮಾಡುವುದಿಲ್ಲ, ಅತಿನೇರಳೆಯನ್ನು ಮಾತ್ರ ಬಿಗಿಯಾಗಿ ತಡೆಯುತ್ತದೆ. ಒಂದೇ ನೆಗೆಟಿವ್‌ನಿಂದ ಎನ್‌ಲಾರ್ಜರ್‌ನಲ್ಲೂ ಪ್ರಿಂಟ್ ಬೇಕು, ಬಿಸಿಲಲ್ಲೂ ಬೇಕು ಅನ್ನುವವರು ಬೇರೆ ಯೋಚನೆ ಮಾಡಬೇಕಿಲ್ಲ. ಪೈರೋಕ್ಯಾಟ್ ತಗೊಳ್ಳಿ.

ಬರೀ ಸ್ಕ್ಯಾನ್ ಮಾಡುವವರಿಗೆ ನನ್ನ ಮಾತು ಸ್ವಲ್ಪ ಬೇರೆ. ಕಲೆ ಗ್ರೇನ್‌ಗಳ ನಡುವೆ ತುಂಬಿಕೊಳ್ಳುವುದರಿಂದ ಚಿತ್ರ ನಯವಾಗಿ ಕಾಣುತ್ತದೆ, ಅಂಚು ಚೂಪಾಗಿರುತ್ತದೆ, ಅದು ನಿಜ. ಕಲರ್‌ನಲ್ಲಿ ಸ್ಕ್ಯಾನ್ ಮಾಡಿ ಕೆಂಪು, ಹಸಿರು, ನೀಲಿ ಚಾನೆಲ್ ಬೇರೆ ಬೇರೆ ತೆರೆದರೆ ಕೆಂಪಿನಲ್ಲಿ ಚಿತ್ರ ಮೆತ್ತಗೆ, ನೀಲಿಯಲ್ಲಿ ಗಟ್ಟಿ. ನಾನು ಹಸಿರನ್ನು ಇಟ್ಟುಕೊಳ್ಳುತ್ತೇನೆ. ಆದರೆ ಇಷ್ಟಕ್ಕೇ ವಿಷದ ಪುಡಿ ಮನೆಗೆ ತರಬೇಕಾ? ಬೇಡ ಅನ್ನುತ್ತೇನೆ. ಡಿ-76 ಸಾಕು.

ಟೆಸ್ಟ್ ಮಾಡುವ ರೀತಿ

ಡೆವಲಪರ್ ಹೋಲಿಕೆಯಲ್ಲಿ ಹೆಚ್ಚಿನವರು ಎಡವುವ ಜಾಗ ಸಮಯ. ಒಂದನ್ನು ಜಾಸ್ತಿ ಹೊತ್ತು ತೊಳೆದು, ಇನ್ನೊಂದನ್ನು ಕಡಿಮೆ ತೊಳೆದು, ಆಮೇಲೆ ಬಂದ ವ್ಯತ್ಯಾಸವನ್ನು ಡೆವಲಪರ್ ಗುಣ ಅಂದುಕೊಳ್ಳುತ್ತಾರೆ. ನನಗೂ ಹೀಗೇ ಆಗಿತ್ತು. ಮೊದಲ ಪಿಎಂಕೆ ನೆಗೆಟಿವ್ ತೆಳುವಾಗಿದೆ ಅಂತ ಮುಂದಿನ ರೋಲ್‌ಗೆ ಮೂರು ನಿಮಿಷ ಸೇರಿಸಿದೆ. ಅದು ಅಜ್ಜಿಯ ಮನೆಯ ಜಗುಲಿಯಲ್ಲಿ ತೆಗೆದ ರೋಲ್. ಎನ್‌ಲಾರ್ಜರ್‌ಗೆ ಹಾಕಿದಾಗ ಎಕ್ಸ್‌ಪೋಷರ್ ನಿಮಿಷಗಟ್ಟಲೆ ಬೇಕಾಯಿತು, ಗ್ರೇನ್ ಉಬ್ಬಿತ್ತು, ಅಜ್ಜಿಯ ಸೆರಗಿನ ಬಿಳುಪು ಕೈಗೆ ಸಿಗಲೇ ಇಲ್ಲ. ನೆಗೆಟಿವ್ ಎಷ್ಟು ದಟ್ಟ ಅಂತ ಅಳೆಯುವ ಸಾಮಾನ್ಯ ಡೆನ್ಸಿಟೋಮೀಟರ್ ಇದ್ದಿದ್ದರೂ ಮೋಸ ಹೋಗುತ್ತಿದ್ದೆ. ಅದು ಬಿಳಿ ಬೆಳಕಿನಲ್ಲಿ ಅಳೆದರೆ ಕಲೆಯನ್ನು ಸರಿಯಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನೀಲಿ ಫಿಲ್ಟರ್‌ನಲ್ಲಿ ಅಳೆಯಬೇಕು. ಮೀಟರ್ ಇಲ್ಲದವರಿಗೆ ನಿಮ್ಮ ಪೇಪರೇ ಮೀಟರ್.

ಒಂದು 36 ಫ್ರೇಮ್‌ನ ರೋಲ್ ಸಾಕು. ನಾನು ಬಳಸಿದ್ದು ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್. ಕ್ಯಾಮೆರಾ ಸ್ಟ್ಯಾಂಡ್ ಮೇಲಿರಲಿ. ಉರಿಬಿಸಿಲಿನ ಬಿಳುಪು, ಆಳದ ನೆರಳು, ನಡುವೆ ಒಂದು ಗ್ರೇ ಕಾರ್ಡ್ (ಅಳತೆಗೆ ಇಡುವ ನಡುಬೂದು ಬಣ್ಣದ ಕಾರ್ಡ್), ಮೂರೂ ಇರುವ ದೃಶ್ಯ ಹುಡುಕಿ. ಐಎಸ್‌ಓ 125, 100, 80, 64 ಎಂದು ನಾಲ್ಕು ಎಕ್ಸ್‌ಪೋಷರ್ ತೆಗೆಯಿರಿ. ಅದೇ ನಾಲ್ಕನ್ನು ಅದೇ ಕ್ರಮದಲ್ಲಿ ಒಂಬತ್ತು ಸಲ ಮಾಡಿ ರೋಲ್ ಮುಗಿಸಿ. ಈಗ ಕತ್ತಲೆಯಲ್ಲಿ ಅಂದಾಜಿನ ಮೇಲೆ ನಾಲ್ಕು ತುಂಡು ಮಾಡಿದರೂ, ಕತ್ತರಿ ಒಂದು ಫ್ರೇಮ್ ಮೇಲೆ ಹೋದರೂ, ಪ್ರತಿ ತುಂಡಿನಲ್ಲೂ ನಾಲ್ಕೂ ಎಕ್ಸ್‌ಪೋಷರ್ ಸಿಕ್ಕೇ ಸಿಗುತ್ತವೆ. ಮೋಡ ಬಂದು ಹೋಗುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ನಾಲ್ಕು ಎಕ್ಸ್‌ಪೋಷರ್ ಯಾಕೆಂದರೆ ಪೈರೋದಲ್ಲಿ ಫಿಲಂ ವೇಗ ಸ್ವಲ್ಪ ಬೀಳುತ್ತದೆ. ಅದರಲ್ಲೂ ಪಿಎಂಕೆಯಲ್ಲಿ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹೋಗುವುದು ಸಾಮಾನ್ಯ. ನನ್ನ ತುಂಡಿನಲ್ಲಿ ಬಾವಿಯ ಒಳಗೋಡೆಯ ಕಲ್ಲು ಕಂಡದ್ದು ಐಎಸ್‌ಓ 80ರ ಫ್ರೇಮ್‌ನಿಂದ. ಪೈರೋಕ್ಯಾಟ್ ಮತ್ತು 510ರಲ್ಲಿ ಫೆನಿಡೋನ್ ಇರುವುದರಿಂದ 100ರಲ್ಲೇ ಸಾಕಷ್ಟು ಕಂಡಿತು.

ತೊಳೆಯುವ ಸಮಯಕ್ಕೆ ಪಿಎಂಕೆ, ಪೈರೋಕ್ಯಾಟ್ ಎರಡಕ್ಕೂ 21 ಡಿಗ್ರಿಯಲ್ಲಿ ಸುಮಾರು 10 ನಿಮಿಷದಿಂದ ಶುರು ಮಾಡಿ. 510ಕ್ಕೆ ಅದಕ್ಕಿಂತ ಕಡಿಮೆ ಸಾಕು, 7 ನಿಮಿಷದಿಂದ ನೋಡಿ. ಇವು ಬರೀ ಆರಂಭದ ಅಂಕಿಗಳು. ಬೆಂಗಳೂರಿನ ನಲ್ಲಿ ನೀರು 24-25 ಡಿಗ್ರಿ, ಮಂಗಳೂರಿನಲ್ಲಿ 28 ದಾಟುತ್ತದೆ, ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನೀರಿನ ಬಿಸಿಯಂತೂ ಹೇಳುವುದೇ ಬೇಡ. ಬಕೆಟ್ ನೀರಿಗೆ ಐಸ್ ತುಂಡು ಹಾಕಿದ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು ಅದರಲ್ಲಿ ಟ್ಯಾಂಕ್ ನಿಲ್ಲಿಸಿ. ಆಗದಿದ್ದರೆ 24 ಡಿಗ್ರಿಯನ್ನೇ ನಿಮ್ಮ ನಿಯಮ ಮಾಡಿಕೊಂಡು ಡಿಗ್ರಿಗೆ ಸುಮಾರು 10 ಪರ್ಸೆಂಟ್ ಸಮಯ ಇಳಿಸಿ. ನಾಲ್ಕು ತುಂಡಿಗೂ ಒಂದೇ ಉಷ್ಣತೆ ಇರಲಿ. ಬೋರ್‌ವೆಲ್ ನೀರು ಬೇಡ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ತನ್ನಿ, ಡಿಸ್ಟಿಲ್ಡ್ ಅಂತ ಬರೆದಿರುವುದನ್ನು ನೋಡಿಕೊಂಡು.

ಎಲ್ಲಕ್ಕೂ ಮೊದಲು ಎರಡು ಮೂರು ನಿಮಿಷ ಬರೀ ನೀರಿನಲ್ಲಿ ನೆನೆಸಿ. ಪಿಎಂಕೆ ಬೆರೆಸುವಾಗ ಬಿ ಬಿದ್ದ ಕೂಡಲೇ ಬಣ್ಣ ತಿರುಗಬೇಕು. ತಿರುಗಲಿಲ್ಲ ಅಂದರೆ ಎ ಹಾಕಲು ಮರೆತಿದ್ದೀರಿ, ಇಲ್ಲವೇ ಒಂದೇ ಬಾಟಲಿಯಿಂದ ಎರಡು ಸಲ ಸುರಿದಿದ್ದೀರಿ. ಫಿಲಂ ಹಾಕುವ ಮೊದಲೇ ಚೆಲ್ಲಿ ಹೊಸದು ಮಾಡಿ. ಪಿಎಂಕೆ ಟ್ಯಾಂಕನ್ನು 15 ಸೆಕೆಂಡಿಗೊಮ್ಮೆ ತಿರುಗಿಸಲೇಬೇಕು, ಬಿಟ್ಟರೆ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ರೋಟರಿ ಯಂತ್ರದಲ್ಲಿ ಉರುಳಿಸುವವರಿಗೆ ಪಿಎಂಕೆ ಹೊಂದುವುದಿಲ್ಲ. ಗಾಳಿ ಸೇರಿ ಅರ್ಧದಲ್ಲೇ ಸುಸ್ತಾಗುತ್ತದೆ, ಫಿಲಂ ತುಂಬಾ ಬೇಡದ ಹಳದಿ ಹಿಡಿಯುತ್ತದೆ. ಅಂಥವರು ಪೈರೋಕ್ಯಾಟ್ ಕಡೆ ಹೋಗಿ. ನೀರು ಜಾಸ್ತಿ ಬೆರೆಸಿ, ಟ್ಯಾಂಕನ್ನು ಹೆಚ್ಚು ಅಲುಗಿಸದೆ ಬಹಳ ಹೊತ್ತು ನಿಲ್ಲಿಸುವ ವಿಧಾನಕ್ಕೂ ಅದೇ ಒಗ್ಗುತ್ತದೆ.

ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಬದಲು ಬರೀ ನೀರು ಸಾಕು. ಉಳಿದ ಬೆಳ್ಳಿ ಲವಣವನ್ನು ತೆಗೆಯುವ ಫಿಕ್ಸರ್ ಹುಳಿ ಇಲ್ಲದ್ದಿದ್ದರೆ ಒಳ್ಳೆಯದು, ಜೆಲಟಿನ್ ಗಟ್ಟಿ ಮಾಡುವ ಹಾರ್ಡನರ್ ಇರುವುದು ಬೇಡ, ಪೈರೋ ಆಗಲೇ ಗಟ್ಟಿ ಮಾಡಿರುತ್ತದೆ. ಫಿಕ್ಸ್ ಆದ ಮೇಲೆ ಬಳಸಿದ ಡೆವಲಪರ್‌ಗೆ ಫಿಲಂ ಮತ್ತೆ ಅದ್ದಿದರೆ ಕಲೆ ಹೆಚ್ಚುತ್ತದೆ ಎಂಬ ಹಳೆಯ ಸಲಹೆ ಕೇಳಿರಬಹುದು. ಹೆಚ್ಚುವುದು ನಿಜ, ಆದರೆ ಇಡೀ ಫಿಲಂಗೆ ಸಮನಾಗಿ. ಚಿತ್ರಕ್ಕೆ ಅದರಿಂದ ಲಾಭ ಇಲ್ಲ, ಎಕ್ಸ್‌ಪೋಷರ್ ಸುಮ್ನೆ ಉದ್ದವಾಗುತ್ತದೆ. ಬೇಡದ ಕಲೆ ಎಷ್ಟಿದೆ ಅಂತ ನೋಡಲು ಡೆವಲಪರ್‌ಗೆ ಹಾಕದೆ ಬರೀ ಫಿಕ್ಸ್ ಮಾಡಿದ ಒಂದು ತುಣುಕನ್ನು ನಿಮ್ಮ ತುಂಡಿನ ಅಂಚಿನ ಪಕ್ಕ ಇಡಿ.

ಇನ್ನು ಪ್ರಿಂಟ್. ನಾಲ್ಕನ್ನೂ ಒಂದೇ ಪೇಪರ್, ಒಂದೇ ಗ್ರೇಡ್ 2 ಫಿಲ್ಟರ್‌ನಲ್ಲಿ ಹಾಕಿ. ಗ್ರೇ ಕಾರ್ಡ್ ನಾಲ್ಕರಲ್ಲೂ ಒಂದೇ ಬೂದು ಬರುವ ಹಾಗೆ ಎಕ್ಸ್‌ಪೋಷರ್ ಹೊಂದಿಸಿ. ಯಾವುದಾದರೂ ಪ್ರಿಂಟ್ ಒಟ್ಟಾರೆ ಬಿರುಸಾಗಿದ್ದರೆ ಆ ಡೆವಲಪರ್‌ನ ಸಮಯ ಇಳಿಸಿ, ಮೆತ್ತಗಿದ್ದರೆ ಏರಿಸಿ, ಇನ್ನೊಂದು ರೋಲ್‌ನಲ್ಲಿ ಮತ್ತೆ ತೊಳೆಯಿರಿ. ನಡುವಿನ ಟೋನ್‌ಗಳು ನಾಲ್ಕರಲ್ಲೂ ಒಂದಾದ ಮೇಲೆ ಮಾತ್ರ ಪಂಚೆಯನ್ನೂ ಬಾವಿಯನ್ನೂ ಹೋಲಿಸಿ. ಈ ಎರಡನೇ ಸುತ್ತನ್ನು ಬಿಟ್ಟರೆ ಟೆಸ್ಟ್ ಮಾಡಿಯೂ ಮಾಡದ ಹಾಗೆ.

ಕೈ, ಮೂಗು, ಮನೆ

ಪೈರೋಗ್ಯಾಲಾಲ್ ವಿಷ. ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಪುಡಿ ಹತ್ತಿಯಂತೆ ಹಗುರ, ಡಬ್ಬಿ ಮುಚ್ಚಳ ತೆಗೆದರೆ ಸಾಕು, ಹಾರುತ್ತದೆ. ಕ್ಯಾಟೆಚಾಲ್ ಕೂಡ ಸಾಧು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ನೈಟ್ರೈಲ್ ಕೈಗವಸು, ಮಾಸ್ಕ್, ಕನ್ನಡಕ ಇಲ್ಲದೆ ಪುಡಿ ತೂಗಬೇಡಿ. ಫ್ಯಾನ್ ಆಫ್ ಮಾಡಿ. ಅಡುಗೆಮನೆಯ ಲೋಟ, ಚಮಚ ಮುಟ್ಟಬೇಡಿ. ಮಕ್ಕಳು ಓಡಾಡುವ ಮನೆಯಾದರೆ ಪುಡಿಯ ಗೊಡವೆಯೇ ಬೇಡ, ಬೆರೆಸಿ ಸಿದ್ಧವಾಗಿ ಮಾರುವ ದ್ರಾವಣವನ್ನೇ ಕೊಳ್ಳಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ಈ ಲೆಕ್ಕದಲ್ಲಿ 510 ಮುಂದಿದೆ: ಒಂದೇ ಬಾಟಲಿ, ಒಂದೇ ಸಿರಿಂಜ್, ಚೆಲ್ಲುವ ಸಂದರ್ಭ ಕಡಿಮೆ. ಬಾಡಿಗೆ ಮನೆಯ ಬಚ್ಚಲಲ್ಲಿ ಎರಡು ತಿಂಗಳಿಗೊಮ್ಮೆ ರೋಲ್ ತೊಳೆಯುವವರಿಗೆ ನಾನು ಹೇಳುವುದು 510.

ಬಿಸಿಲು-ನೆರಳಿನ ಚಿತ್ರ ಜಾಸ್ತಿ ತೆಗೆದು, ಮಲ್ಟಿಗ್ರೇಡ್ ಪೇಪರ್ ಮೇಲೆ ತಾವೇ ಪ್ರಿಂಟ್ ಹಾಕಿ, 15 ಸೆಕೆಂಡಿಗೊಮ್ಮೆ ಟ್ಯಾಂಕ್ ತಿರುಗಿಸಲು ಬೇಸರ ಇಲ್ಲದವರಿಗೆ ಪಿಎಂಕೆ. ನಾನು ಉಳಿಸಿಕೊಂಡಿರುವುದು ಅದನ್ನೇ, ಆ ಪಂಚೆಯ ಮಡಿಕೆಗಾಗಿ.

ಟೆಸ್ಟ್ ಮುಗಿದ ಮೇಲೆ ಬೇಡದ ಒಂದು ಫ್ರೇಮ್ ಕತ್ತರಿಸಿ ಇದೊಂದು ಮಾಡಿ ನೋಡಿ. ಪೊಟ್ಯಾಸಿಯಂ ಫೆರಿಸೈನೈಡ್‌ನ ತೆಳು ದ್ರಾವಣಕ್ಕೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಸೇರಿಸಿ, ಬಿಳಿ ಪಿಂಗಾಣಿ ಬಟ್ಟಲಲ್ಲಿ ತುಂಡನ್ನು ಅದ್ದಿ. ಆ ಬಟ್ಟಲು ಆಮೇಲೆ ಅಡುಗೆಮನೆಗೆ ಹೋಗಬಾರದು. ಕೆಲವು ನಿಮಿಷದಲ್ಲಿ ಬೆಳ್ಳಿ ಕರಗಿಹೋಗುತ್ತದೆ. ಡಿ-76ರ ತುಂಡು ಖಾಲಿ ಪ್ಲಾಸ್ಟಿಕ್ ಆಗಿ ಉಳಿಯುತ್ತದೆ. ಪೈರೋ ತುಂಡಿನಲ್ಲಿ ಕಪ್ಪು ಹೋಗುತ್ತಾ ಹೋಗುತ್ತಾ ಹಳದಿ ಮೇಲೇಳುತ್ತದೆ. ಕೊನೆಗೆ ಒಂದು ಕಣ ಬೆಳ್ಳಿಯೂ ಇಲ್ಲದೆ ಪಂಚೆ, ಬಾವಿಕಟ್ಟೆ, ಹಗ್ಗ ಎಲ್ಲ ಬರೀ ಕಲೆಯಲ್ಲೇ ನಿಂತಿರುತ್ತವೆ. ಅದನ್ನು ನೀರಿನಲ್ಲಿ ತೊಳೆದು ಒಣಗಿಸಿ ಎನ್‌ಲಾರ್ಜರ್‌ಗೆ ಹಾಕಿ. ನಿಮ್ಮ ಪೇಪರ್‌ಗೆ ಆ ಕಲೆ ಎಷ್ಟು ಕಾಣುತ್ತದೆ ಅನ್ನುವುದು ಅಲ್ಲೇ ಪ್ರಿಂಟ್ ಆಗಿ ಬರುತ್ತದೆ.